ಮನೆಗಾಡಿಗೆ ನೆಲವೆಲ್ಲಿ?

ಮಾಘಮಾಸದ ಶುಕ್ಲಪಕ್ಷ ಬಂದಿತೆಂದರೆ ದಾವಣಗೆರೆ ಹರಿಹರಗಳ ಸುತ್ತಣ ರಸ್ತೆಗಳಲ್ಲಿ ಒಂದು ವಿಶೇಷ ಬಗೆಯ ವಾಹನಗಳು ಕಣ್ಣಿಗೆ ಬೀಳಲಾರಂಭಿಸುತ್ತವೆ. ಟ್ರ್ಯಾಕ್ಟರಿನ ಹಿಂದೆ ಟ್ರೇಲರು. ಅದರ ಮೇಲೆ ಬಿದಿರಿನ ಗಳುಗಳನ್ನು ಬಗ್ಗಿಸಿ ಕಟ್ಟಿದ ಕಮಾನು. ಕಮಾನಿಗೆ ಹೊದಿಸಿದ ತಾಡಪಾಲು. ಒಳಗೆ ಹುಲ್ಲು ಹರವಿ ಮೇಲೆ ಜಮಖಾನ ಹಾಸಿರುತ್ತದೆ. ಒಂದು ಮೂಲೆಯಲ್ಲಿ ಅಕ್ಕಿ, ಜೋಳದ ಹಿಟ್ಟು, ಪಾತ್ರೆಪರಡಿ, ಸೌದೆ. ಇನ್ನೊಂದು ಮೂಲೆಯಲ್ಲಿ ನೀರಿನ ಡ್ರಮ್ಮು. ಅಜ್ಜಿಯಿಂದ ಹಿಡಿದು ಕೈಗೂಸಿನವರೆಗೆ ಇಡೀ ಸಂಸಾರವೇ ಅದರಲ್ಲಿ ಹೊರಟಿರುತ್ತದೆ. ಭರತ ಹುಣ್ಣಿಮೆಯ ಸುಮಾರಿಗೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರಣಿಕ ಕೇಳಲು ಲಕ್ಷಾಂತರ ಜನ ಕೂಡುತ್ತಾರೆ. ಧಾರವಾಡ, ಬೆಳಗಾವಿ ಕಡೆಯವರು ಇದೇ ಕಾಲದಲ್ಲಿ ಉಳವಿಗೆ ಚಕ್ಕಡಿ ಹೂಡುತ್ತಾರೆ. ಹೀಗೆ ಹೋದವರು ಎರಡು, ಮೂರು, ಕೆಲವು ವೇಳೆ ಐದು ರಾತ್ರಿ ಆ ಗಾಡಿಯಲ್ಲಿಯೇ ಮಲಗಿ, ಅದರ ಮಗ್ಗುಲಲ್ಲಿಯೇ ಒಲೆ ಹೂಡಿ, ಉಂಡು, ಜಾತ್ರೆ ಮುಗಿಸಿಕೊಂಡು ಹಿಂದಿರುಗುತ್ತಾರೆ.

ಪಾಶ್ಚಾತ್ಯ ದೇಶಗಳಲ್ಲಿ ಮೋಟಾರಿನ ಹಿಂದೆ ಪುಟ್ಟದೊಂದು ಮನೆಗಾಡಿಯನ್ನು ಕಟ್ಟಿಕೊಂಡು ಊರೂರು ಸುತ್ತುವ ಪದ್ಧತಿಯಿದೆ. ಕ್ಯಾಂಪರ್ ಟ್ರೇಲರ್ ಎಂದು ಅದಕ್ಕೆ ಹೆಸರು. ಈಚೆಗೆ ನಮ್ಮ ಯುವಕರಿಗೂ ಅದರ ಹುಚ್ಚು ಹತ್ತಿದೆ. ದೂರದರ್ಶಕದ ಪರದೆಯ ಮೇಲೆ ಅದನ್ನು ಕಂಡ ನಮ್ಮ ವಿದ್ಯಾರ್ಥಿಗಳು ಅದೊಂದು ಅಪೂರ್ವ ನವೀನತೆಯೆಂಬಂತೆ ನಮ್ಮಲ್ಲಿಗೆ ಬಂದು ವರ್ಣಿಸುವುದುಂಟು. ನಾವು ಅವರಿಗೆ ಹೇಳುವುದಿಷ್ಟೆ: ಮೈಲಾರದ ದಾರಿಯಲ್ಲಿ ನಿಂತು ನೋಡಿರಿ. ಗಾಲಿಯ ಮೇಲೆ ಮನೆ ಹೂಡುವ ವಿದ್ಯೆಯಲ್ಲಿ ನಾವು ಯಾರಿಗೂ ಹಿಂದುಳಿದವರಲ್ಲ. ನಮಗೆ ಇಲ್ಲದಿರುವುದು ಗಾಡಿಯಲ್ಲ. ಗಾಡಿಯನ್ನು ನಿಲ್ಲಿಸಿ ರಾತ್ರಿ ಕಳೆಯಲು ತಕ್ಕ ನೆಲ. ಈ ಲೇಖನದಲ್ಲಿ ನಾವು ವಾದಿಸಬೇಕೆಂದಿರುವ ಸಂಗತಿಯೂ ಇದೇ. ಆದರೆ ವಿಜ್ಞಾನದ ವಿದ್ಯಾರ್ಥಿಗಳು ಗಾಡಿಯನ್ನು ಬಿಟ್ಟು ನೇರವಾಗಿ ನೆಲಕ್ಕೆ ಇಳಿಯುವುದು ಸರಿಯಲ್ಲ. ಆದುದರಿಂದ ಮೊದಲು ಗಾಡಿಯ ವಿಚಾರವನ್ನೇ ಸ್ವಲ್ಪ ನೋಡೋಣ.

ಸಂತೋಷಕ್ಕಾಗಿಯೇ ಮನೆಗಾಡಿಯನ್ನು ಕಟ್ಟಿಸಿಕೊಂಡು ಹೊರಟವರಲ್ಲಿ ಮೊದಲಿಗರಾಗಿ ಹೆಸರಿಸಲ್ಪಡುವವರು ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟ್ಲೆಂಡಿನ ವೈದ್ಯರು. ನೌಕಾದಳದಲ್ಲಿದ್ದು ನಿವೃತ್ತರಾದ ಇವರು 1885 ರಲ್ಲಿ ಎರಡು ಕುದುರೆಗಳು ಎಳೆಯುವ 'ವಾಂಡರರ್' ಎಂಬ ಗಾಡಿಯನ್ನು ಮಾಡಿಸಿಕೊಂಡು ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಪ್ರಯಾಣ ಮಾಡಿದರು. ಮೋಟಾರಿಗೆ ಕಟ್ಟುವ ಮನೆಗಾಡಿಗಳು ಮಾರಾಟಕ್ಕೆ ಬಂದುದು ಒಂದನೆಯ ಮಹಾಯುದ್ಧ ಮುಗಿದ ಮೇಲೆ, 1919 ರಲ್ಲಿ, ಬರ್ಮಿಂಗ್‌ಹ್ಯಾಮಿನ ಎಕಲ್ಸ್ ಕಂಪನಿಯಿಂದ. ನಮ್ಮ ದೇಶದಲ್ಲಿಯೂ ಈಗ ಕೆಲವರು ಇಂಥವನ್ನು ಕಟ್ಟಿಕೊಡುತ್ತಿದ್ದಾರೆ. ಮೋಟಾರು ವಾಹನ ಕಾಯಿದೆಯ ಕೆಳಗೆ ಮಾಡಿರುವ ವಾಹನಗಳ ಪಟ್ಟಿಯಲ್ಲಿ ಖಾಸಗಿ ಉಪಯೋಗದ ಕ್ಯಾಂಪರ್ ವ್ಯಾನು, ಟ್ರೇಲರುಗಳಿಗೂ ಒಂದು ಸ್ಥಾನವಿದೆ. ಕಟ್ಟುವ ಕೈಗಳಿಗಂತೂ ನಮ್ಮಲ್ಲಿ ಬರವಿಲ್ಲ. ಹರಿಹರದಲ್ಲಿ 1941 ರಲ್ಲಿ ಸ್ಥಾಪಿತವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇಂದು ಇಲ್ಲವಾದರೂ, ಕಬ್ಬಿಣವನ್ನು ಕೊಯ್ದು ಬೆಸೆಯಬಲ್ಲ ಕುಶಲ ಕೆಲಸಗಾರರು ಈ ಎರಡು ಊರುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಒಂದೇ ಅಚ್ಚಿನ ಟ್ರೇಲರು ಭೌತವಿಜ್ಞಾನದ ದೃಷ್ಟಿಯಿಂದ ಒಂದು ಸನ್ನೆಕೋಲು. ಅಚ್ಚೇ ಅದರ ಆನಿಕೆ. ಟ್ರೇಲರಿನ ಒಟ್ಟು ತೂಕ 500 ಕಿಲೋಗ್ರಾಂ, ಕೊಂಡಿಯಿಂದ ಅಚ್ಚಿಗೆ 2.5 ಮೀಟರ್ ದೂರ, ಗುರುತ್ವಕೇಂದ್ರ ಅಚ್ಚಿನಿಂದ 25 ಸೆಂಟಿಮೀಟರ್ ಮುಂದೆ ಎಂದಿಟ್ಟುಕೊಳ್ಳೋಣ. ಆಗ ಕೊಂಡಿಯ ಮೇಲೆ ಬೀಳುವ ಭಾರ 500 ನ್ನು 0.25 ರಿಂದ ಗುಣಿಸಿ 2.5 ರಿಂದ ಭಾಗಿಸಿದಷ್ಟು, ಎಂದರೆ 50 ಕಿಲೋಗ್ರಾಂ. ಒಟ್ಟು ತೂಕದ ಹತ್ತನೆಯ ಒಂದು ಪಾಲು. ಇದು ಒಳ್ಳೆಯ ಪ್ರಮಾಣ. ಈಗ ಯಾರೋ ಒಬ್ಬರು 40 ಲೀಟರ್ ನೀರಿನ ಕ್ಯಾನನ್ನು ಅಚ್ಚಿನಿಂದ ಒಂದು ಮೀಟರ್ ಹಿಂದಕ್ಕೆ ಇಟ್ಟರು. ಕೊಂಡಿಯ ಭಾರ 16 ಕಿಲೋಗ್ರಾಂ ಇಳಿದು 34 ಆಗುತ್ತದೆ. ಹಾಸಿಗೆ, ಪಾತ್ರೆ, ಅಕ್ಕಿಮೂಟೆಗಳೆಂದು ಇನ್ನೂ 100 ಕಿಲೋಗ್ರಾಂ ಸಾಮಾನನ್ನು ಅಲ್ಲಿಯೇ ಹೇರಿದರೋ, ಭಾರ ಸೊನ್ನೆಗಿಂತ ಕೆಳಗಿಳಿದು, ಟ್ರೇಲರು ಎಳೆಯುವ ವಾಹನದ ಹಿಂಭಾಗವನ್ನು ಮೇಲಕ್ಕೆ ಎತ್ತತೊಡಗುತ್ತದೆ.

ಎತ್ತಿದರೇನು ಎಂದು ಕೇಳಬಹುದು. ಕೊಂಡಿಗೆ ಸಿಕ್ಕಿಸಿದ ಟ್ರೇಲರು ಅಡ್ಡಡ್ಡಲಾಗಿ ತೂಗಬಲ್ಲ ಒಂದು ಲೋಲಕದಂತೆ. ಗಾಳಿಯೋ, ರಸ್ತೆಯ ತಗ್ಗೋ, ಪಕ್ಕದಲ್ಲಿ ಹಾದುಹೋದ ಲಾರಿಯೋ ಅದನ್ನು ಒಮ್ಮೆ ಪಕ್ಕಕ್ಕೆ ತಳ್ಳಿತೆನ್ನಿ. ವೇಗ ಕಡಿಮೆಯಿದ್ದರೆ ಗಾಲಿಗಳ ಘರ್ಷಣೆಯಿಂದ ಆ ತೂಗಾಟ ಎರಡು ಮೂರು ಸಲ ಆಡಿ ಅಡಗುತ್ತದೆ. ವೇಗ ಹೆಚ್ಚಿದಂತೆ ಅಡಗಿಸುವ ಶಕ್ತಿ ಕುಂದುತ್ತದೆ. ಒಂದು ಮಿತಿಯನ್ನು ದಾಟಿದರೆ ಪ್ರತಿಯೊಂದು ತೂಗೂ ಹಿಂದಿನದಕ್ಕಿಂತ ದೊಡ್ಡದಾಗುತ್ತ ಹೋಗಿ ಕೊನೆಗೆ ಟ್ರೇಲರು ಮೋಟಾರನ್ನೂ ಎಳೆದುಕೊಂಡು ಉರುಳುವುದುಂಟು. ಹಿಂದೆ ಭಾರ ಹೇರಿದಷ್ಟೂ ಈ ಮಿತಿ ಕೆಳಕ್ಕೆ ಬರುತ್ತದೆ. ಇದಕ್ಕೆ ಚಾಲಕನು ಮಾಡಬೇಕಾದುದು ಚಕ್ರವನ್ನು ಅತ್ತಿತ್ತ ತಿರುಗಿಸಿ ಹೋರಾಡುವುದಲ್ಲ; ವೇಗವರ್ಧಕದಿಂದ ಕಾಲು ತೆಗೆದು ವೇಗವನ್ನು ಮೆಲ್ಲಗೆ ಇಳಿಯಗೊಡುವುದು.

ಈ ಗಣಿತವನ್ನು ನಮ್ಮ ಬಂಡಿ ಹೊಡೆಯುವವರು ಅಕ್ಷರ ಬಲ್ಲದವರಾದರೂ ಬಲ್ಲರು. ಹರಿಹರ ತಾಲ್ಲೂಕಿನ ಹಿರಿಯ ರೈತರೊಬ್ಬರನ್ನು ಈ ವಿಷಯವಾಗಿ ನಾವು ಕೇಳಿದಾಗ ಅವರು ಹೇಳಿದುದು: "ಮೇಷ್ಟ್ರೇ, ಮುಂದಕ್ಕೆ ಭಾರ ಬಿದ್ರೆ ಎತ್ತಿನ ಹೆಗಲು ಕೊರೀತದೆ. ಹಿಂದಕ್ಕೆ ಬಿದ್ರೆ ನೊಗ ಎದ್ದು ಅದರ ಕೊರಳು ಹಿಚುಕ್ತದೆ. ಮೂಕಿ ಎರಡು ಬೆರಳಲ್ಲಿ ಎತ್ತೋ ಹಂಗಿರಬಾರದು, ಎರಡು ಕೈಲೂ ಎತ್ತಕಾಗದ ಹಂಗೂ ಇರಬಾರದು." ಏರು ಬಂದಾಗ ಬಂಡಿ ಹೊಡೆಯುವವನು ಮೂಕಿಯ ಕಡೆಗೆ ಸರಿದು ಕೂರುವುದನ್ನೂ, ಇಳಿಜಾರಿನಲ್ಲಿ ಹಿಂದಕ್ಕೆ ಸರಿಯುವುದನ್ನೂ ನೀವು ನೋಡಿರಬೇಕು. ಹೇರಿನ ಗುರುತ್ವಕೇಂದ್ರ ಅಚ್ಚಿಗಿಂತ 80 ಸೆಂಟಿಮೀಟರ್ ಎತ್ತರದಲ್ಲಿದ್ದರೆ, ಹತ್ತಕ್ಕೆ ಒಂದರಂತಿರುವ ಏರಿನಲ್ಲಿ ಅದು ಅಚ್ಚಿನ ಹಿಂದಕ್ಕೆ ಸುಮಾರು 8 ಸೆಂಟಿಮೀಟರ್ ಸರಿದಂತಾಗುತ್ತದೆ. ಸರಿದುದನ್ನು ಆತ ತನ್ನ ಮೈಭಾರದಿಂದ ಸರಿತೂಗಿಸುತ್ತಾನೆ. ಪರೀಕ್ಷೆಯಲ್ಲಿ ಭ್ರಮಣಾಂಕದ ನಿಯಮವನ್ನು ತಪ್ಪಿಲ್ಲದೆ ಬರೆದು, ಜಾತ್ರೆಗೆ ಹೊರಟಾಗ ನೀರಿನ ಡ್ರಮ್ಮನ್ನು ಟ್ರೇಲರಿನ ಹಿಂತುದಿಯಲ್ಲಿ ಇಡುವ ವಿದ್ಯಾರ್ಥಿಗಳಿಗೆ ಆತನೇ ಗುರುವಾಗತಕ್ಕವನು.

ಆದರೆ ಇಲ್ಲಿ ಒಂದು ಮಾತನ್ನು ಖಂಡಿತವಾಗಿ ಹೇಳದೆ ನಿರ್ವಾಹವಿಲ್ಲ. ಬಂಡಿಯ ಕಾಲದಲ್ಲಿ ಸರಿಯಾಗಿದ್ದುದೆಲ್ಲ ಟ್ರ್ಯಾಕ್ಟರಿನ ಕಾಲಕ್ಕೂ ಸರಿಯಾಗಲಾರದು. ಎತ್ತು ಗಂಟೆಗೆ ನಾಲ್ಕೈದು ಕಿಲೋಮೀಟರ್ ನಡೆಯುತ್ತಿತ್ತು. ಟ್ರೇಲರಿನಲ್ಲಿ ಅಟ್ಟ ಕಟ್ಟಿ, ಕೆಳಗೊಂದು ಮೇಲೊಂದು ಸಾಲಿನಲ್ಲಿ ಜನರನ್ನು ಕೂರಿಸಿ, ಹೆದ್ದಾರಿಯಲ್ಲಿ ಬಿಡುವುದು ಬೇರೆಯೇ ಸಂಗತಿ. ಗಾಲಿಯಿಂದ ಗಾಲಿಗೆ 1.6 ಮೀಟರ್ ಅಂತರವಿರುವ ಟ್ರೇಲರಿನ ಗುರುತ್ವಕೇಂದ್ರ ನೆಲದಿಂದ 1.3 ಮೀಟರ್ ಎತ್ತರದಲ್ಲಿದ್ದರೆ, 20 ಮೀಟರ್ ತ್ರಿಜ್ಯದ ತಿರುವಿನಲ್ಲಿ ಅದು ಮಗುಚಲು ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗ ಬೇಕು. ಅಟ್ಟದ ಮೇಲೆ ಜನ ಹತ್ತಿ ಗುರುತ್ವಕೇಂದ್ರ 1.9 ಮೀಟರಿಗೆ ಏರಿತೆಂದರೆ 33 ಕಿಲೋಮೀಟರ್ ಸಾಕು. ಅದೇ ಸಮಯದಲ್ಲಿ ಹೊರಗಡೆಯ ಗಾಲಿ ಡಾಂಬರು ಬಿಟ್ಟು ಒಂದು ಗೇಣಿನಷ್ಟು ಕೆಳಗಿರುವ ಮಣ್ಣಿಗೆ ಇಳಿದರೆ 30 ಕ್ಕೂ ಕಡಿಮೆ. ಈ ಲೆಕ್ಕವನ್ನು ಪಿ.ಯು.ಸಿ. ತರಗತಿಯ ಯಾವ ವಿದ್ಯಾರ್ಥಿಯಾದರೂ ಮಾಡಬಲ್ಲನು. ಮಾಡಿ ತನ್ನ ಮನೆಯವರಿಗೆ ತೋರಿಸಬೇಕೆಂದು ನಮ್ಮ ಆಗ್ರಹ. ಜಾತ್ರೆಯ ಋತುವಿನಲ್ಲಿ ಟ್ರ್ಯಾಕ್ಟರು ಮಗುಚಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಟ್ರೇಲರಿನಲ್ಲಿ ಜನರನ್ನು ಸಾಗಿಸುವುದನ್ನು ಕಾನೂನು ಒಪ್ಪುವುದಿಲ್ಲ. ಪಾಶ್ಚಾತ್ಯರ ಮನೆಗಾಡಿಗಳಲ್ಲಿಯೂ ಗಾಡಿ ಚಲಿಸುತ್ತಿರುವಾಗ ಒಳಗೆ ಯಾರೂ ಕೂರುವಂತಿಲ್ಲವೆಂಬುದೇ ಸಾಮಾನ್ಯ ನಿಯಮ. ಸಾಮಾನು ಟ್ರೇಲರಿನಲ್ಲಿ ಹೋಗಲಿ, ಜನ ಬಸ್ಸಿನಲ್ಲಿ ಹೋಗಲಿ, ರಾತ್ರಿ ಎಲ್ಲರೂ ಟ್ರೇಲರಿನಲ್ಲಿ ಮಲಗಲಿ. ಮನೆಗಾಡಿ ನಿಂತಾಗ ಮನೆ, ನಡೆವಾಗ ಬರಿಯ ಹೇರು.

ಇನ್ನು ರಾತ್ರಿಯ ವಿಚಾರ. ಹಳೆಯ ಕಮಾನು ಬಂಡಿಯ ಎರಡು ತುದಿಗಳೂ ತೆರೆದಿರುತ್ತಿದ್ದುವು. ಚಾಪೆಯ ಸಂದುಗಳಲ್ಲಿ ಗಾಳಿಯಾಡುತ್ತಿತ್ತು. ಈಗಿನ ಮನೆಗಾಡಿಗೆ ಲೋಹದ ತಗಡು, ರಬ್ಬರಿನ ಅಂಚು, ಗಾಜಿನ ಕಿಟಕಿ. ಧೂಳು ಒಳಗೆ ಬರಲಾರದು, ಗಾಳಿಯೂ ಬರಲಾರದು. ನಾಲ್ಕು ಜನ ಅದರಲ್ಲಿ ಎಂಟು ಗಂಟೆ ಮಲಗಿದರೆ ಅವರ ಉಸಿರಿನಿಂದಲೂ ಚರ್ಮದಿಂದಲೂ ಒಂದು ಲೀಟರಿಗೆ ಮೀರಿ ನೀರು ಆವಿಯಾಗಿ ಹೊರಬಂದು ತಣ್ಣನೆಯ ತಗಡಿನ ಮೇಲೆ ಹನಿಗಟ್ಟುತ್ತದೆ. ಬೆಳಿಗ್ಗೆ ಹಾಸಿಗೆ ತೊಯ್ದಿದ್ದರೆ ಸೂರು ಸೋರಿತೆಂದು ಯಾರೂ ಗಾಬರಿಪಡಬೇಕಾಗಿಲ್ಲ. ಹಗಲಿನ ಕಷ್ಟ ಬೇರೆ. ನಾಲ್ಕು ಮೀಟರ್ ಉದ್ದ ಎರಡು ಮೀಟರ್ ಅಗಲದ ಛಾವಣಿಯ ಮೇಲೆ ನಮ್ಮ ಏಪ್ರಿಲಿನ ಮಧ್ಯಾಹ್ನ ಬೀಳುವ ಬಿಸಿಲು ಸುಮಾರು 8 ಕಿಲೋವಾಟ್; ಒಂದೊಂದು ಕಿಲೋವಾಟಿನ ಎಂಟು ವಿದ್ಯುತ್ ಒಲೆಗಳನ್ನು ತಲೆಯ ಮೇಲೆ ಹೊತ್ತಿಸಿಟ್ಟಂತೆ. ಬಿಳಿಯ ಬಣ್ಣ ಬಳಿದರೆ ಅದರ ಬಹುಭಾಗ ಹಿಂದಕ್ಕೆ ಪ್ರತಿಫಲಿಸುತ್ತದೆ. ಮರದ ನೆರಳು ಅದಕ್ಕಿಂತ ಮೇಲು.

ನಿಜವಾಗಿ ಹೆದರಬೇಕಾದುದು ಒಲೆಗೆ. ಚಳಿಯೆಂದು ಮುಚ್ಚಿದ ಗಾಡಿಯಲ್ಲಿ ಇದ್ದಿಲಿನ ಅಗ್ಗಿಷ್ಟಿಗೆಯನ್ನು ಇಟ್ಟುಕೊಂಡು ಮಲಗುವುದು ಮೃತ್ಯುವನ್ನೇ ಮಗ್ಗುಲಲ್ಲಿ ಮಲಗಿಸಿಕೊಂಡಂತೆ. ಆಮ್ಲಜನಕ ಸಾಲದೆ ಉರಿಯುವ ಇದ್ದಿಲು ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವನ್ನು ಕೊಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚಿನ ಒಲವಿನಿಂದ ಅದನ್ನು ಹಿಡಿದುಕೊಳ್ಳುತ್ತದೆ. ಮಲಗಿದವನಿಗೆ ಎಚ್ಚರವೇ ಆಗುವುದಿಲ್ಲ. ಅಡಿಗೆ ಅನಿಲದ ಸ್ವಭಾವ ಇನ್ನೊಂದು ಬಗೆ. ಅದು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ನೀರಿನಂತೆ ಕೆಳಗಿಳಿದು ನೆಲದ ಮೇಲೆ ಹರಡಿ, ಒಂದು ಕಿಡಿಗಾಗಿ ಕಾಯುತ್ತದೆ. ಆದುದರಿಂದ ಮನೆಗಾಡಿಗೆ ಮುಚ್ಚಲಾಗದ ಎರಡು ಕಿಂಡಿಗಳಿರಬೇಕು; ಒಂದು ಮೇಲೆ, ಒಂದು ನೆಲಕ್ಕೆ ಸಮನಾಗಿ. ಒಲೆಯಂತೂ ಹೊರಗೇ ಉರಿಯತಕ್ಕದ್ದು.

ಹೊರಗೆ ಎಂದೆವು. ಹೊರಗೆ ಎಲ್ಲಿ? ಇಲ್ಲಿಂದ ನಮ್ಮ ನಿಜವಾದ ದೂರು ಆರಂಭವಾಗುತ್ತದೆ.

ನಮ್ಮ ಸಹೋದ್ಯೋಗಿಗಳೊಬ್ಬರು ಇಬ್ಬರು ಮಲಗಬಹುದಾದ, ಹಿಂಬದಿಯ ಮುಚ್ಚಳ ಎತ್ತಿದರೆ ಅಡಿಗೆಯ ಹಲಗೆ ತೆರೆದುಕೊಳ್ಳುವ, ಒಂದು ಚಿಕ್ಕ ಮನೆಗಾಡಿಯನ್ನು ಕಟ್ಟಿಸಿದ್ದಾರೆ. ಒಂದು ಬೇಸಿಗೆಯ ರಜೆಯಲ್ಲಿ ಅವರ ಮನೆಯವರೂ ನಮ್ಮ ಮನೆಯವರೂ ಕೂಡಿ ಉತ್ತರದ ಕಡೆಗೆ ಹೊರಟೆವು. ಹೆಂಗಸರು ಮಕ್ಕಳಿಗೆ ಗಾಡಿ, ಗಂಡಸರಿಗೆ ಡೇರೆ. ಗಾಡಿ ಎಲ್ಲಿಯೂ ತೊಂದರೆ ಕೊಡಲಿಲ್ಲ. ಮೊದಲನೆಯ ರಾತ್ರಿ ಹೆದ್ದಾರಿಯ ಪಕ್ಕದ ಒಂದು ಪೆಟ್ರೋಲ್ ಬಂಕಿನ ಆವರಣದಲ್ಲಿ ನಿಂತೆವು. ರಾತ್ರಿಯೆಲ್ಲ ಲಾರಿಗಳ ಗರ್ಜನೆ, ಕಣ್ಣಿಗೆ ಹೊಡೆಯುವ ದೀಪ, ಶೌಚಾಲಯಕ್ಕೆ ಬೀಗ. ಎರಡನೆಯ ರಾತ್ರಿ ಒಂದು ಗ್ರಾಮದ ದೇವಸ್ಥಾನದ ಅರ್ಚಕರು ಕರುಣೆಯಿಂದ ಅಂಗಳದಲ್ಲಿ ಇಳಿಯಗೊಟ್ಟರು. ಮೂರನೆಯ ದಿನ ಒಂದು ಹೊಳೆಯ ದಂಡೆಯಲ್ಲಿ ಒಲೆ ಹಚ್ಚುವಷ್ಟರಲ್ಲಿ ಕಾವಲುಗಾರನೊಬ್ಬನು ಬಂದು ಎಬ್ಬಿಸಿದನು. ಕಾರಣ ಕೇಳಿದರೆ, "ಇಲ್ಲಿ ಇಳಿಯಂಗಿಲ್ಲ ಸಾರ್" ಎಂದನು. ಎಲ್ಲಿ ಇಳಿಯಬಹುದೆಂದು ಕೇಳಿದುದಕ್ಕೆ ಪಾಪ ಅವನ ಬಳಿ ಉತ್ತರವಿರಲಿಲ್ಲ. ನಮಗೆ ಅವನ ಮೇಲೆ ಕೋಪವೇನೂ ಬರಲಿಲ್ಲ. ಇಳಿಯಬಹುದಾದ ಜಾಗ ಎಲ್ಲಿಯೂ ಗೊತ್ತಾಗಿರದ ಮೇಲೆ ಇಳಿಯಕೂಡದ ಜಾಗವನ್ನು ಕಾಯುವುದಷ್ಟೇ ಅವನಿಗೆ ಉಳಿದ ಕೆಲಸ.

ಹಿಂದೆ ಹೀಗಿರಲಿಲ್ಲ. ಹಳೆಯ ಮೈಸೂರು ಸೀಮೆಯ ಊರುಗಳಿಗೆ ಗುಂಡುತೋಪು ಎಂಬುದೊಂದಿರುತ್ತಿತ್ತು. ಊರಿನ ಹೊರಗೆ, ದಾರಿಯ ಮಗ್ಗುಲಲ್ಲಿ ಮಾವು, ನೇರಳೆ, ಹುಣಿಸೆ, ಹಿಪ್ಪೆ ಮರಗಳನ್ನು ಬೆಳೆಸಿ, ಹತ್ತಿರದಲ್ಲಿ ಕೆರೆಯನ್ನೋ ಬಾವಿಯನ್ನೋ ಇಟ್ಟು, ಅದನ್ನು ಯಾರ ಸ್ವತ್ತೂ ಅಲ್ಲದಂತೆ ಬಿಡುತ್ತಿದ್ದರು. ದಾರಿಹೋಕರು ಬಂಡಿಯ ಕೊರಳು ಬಿಚ್ಚಿ, ಎತ್ತಿಗೆ ನೀರು ಕುಡಿಸಿ, ಮೂರು ಕಲ್ಲು ಹೂಡಿ ಅನ್ನ ಬೇಯಿಸಿಕೊಂಡು, ಬಂಡಿಯ ಕೆಳಗೆ ಮಲಗಿ, ಬೆಳಗಿನ ಜಾವ ಹೊರಡುತ್ತಿದ್ದರು. ಹೇರೆತ್ತುಗಳ ಮೇಲೆ ದವಸಧಾನ್ಯ ಹೊರಿಸಿಕೊಂಡು ದೇಶವನ್ನೆಲ್ಲ ಸುತ್ತುತ್ತಿದ್ದ ಲಂಬಾಣಿ ಜನ ಬೀಡು ಬಿಡುವ ನೆಲವನ್ನು ಆರಿಸುವುದರಲ್ಲಿ ಎಷ್ಟು ನಿಪುಣರಾಗಿದ್ದಿರಬೇಕು! ಅವರ ಗುರುಗಳಾದ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪೂಜೆಗೊಳ್ಳುವ ಸೂರಗೊಂಡನಕೊಪ್ಪ ನಮ್ಮ ದಾವಣಗೆರೆ ಜಿಲ್ಲೆಯಲ್ಲಿಯೇ ಇದೆ. ಫೆಬ್ರವರಿಯಲ್ಲಿ ಅಲ್ಲಿಗೂ ಸಾವಿರಾರು ಜನ ನಡೆದು ಬಂದು ತಂಗುತ್ತಾರೆ. ಗುಂಡುತೋಪುಗಳು ಕಂದಾಯದ ದಾಖಲೆಗಳಲ್ಲಿ ಇಂದಿಗೂ ಉಂಟು. ನೆಲದ ಮೇಲೆ ಹುಡುಕಿದರೆ ಅನೇಕ ಕಡೆ ಮನೆಗಳೂ ಗೋದಾಮುಗಳೂ ಎದುರಾಗುತ್ತವೆ.

ಸರ್ಕಾರಗಳು ಈ ವಿಷಯವನ್ನು ಯೋಚಿಸಿಯೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು 2009-10 ರ ಸುಮಾರಿನಲ್ಲಿಯೇ ಮನೆಗಾಡಿಗಳಿಗೂ ಅವು ನಿಲ್ಲುವ ಉದ್ಯಾನಗಳಿಗೂ ಒಂದು ನೀತಿಯನ್ನು ರೂಪಿಸಿತು. ನೆರೆಯ ಕೇರಳವು 2021 ರಲ್ಲಿ ತನ್ನದೇ ಯೋಜನೆಯನ್ನು ಸಾರಿತು. ಆದರೆ ಇವುಗಳ ಕಣ್ಣೆದುರಿಗಿರುವುದು ತಂಪುಯಂತ್ರ, ಸ್ನಾನಗೃಹ, ಮೆತ್ತನೆಯ ಪೀಠಗಳುಳ್ಳ ದೊಡ್ಡ ವಾಹನ. ಅದರಲ್ಲಿ ಬರುವ ಹಣವಂತ ಪ್ರವಾಸಿ. ಬರಲಿ, ನಮ್ಮ ಅಡ್ಡಿಯೇನೂ ಇಲ್ಲ. ಆದರೆ ವರ್ಷಕ್ಕೊಮ್ಮೆ ತಪ್ಪದೆ ಲಕ್ಷಗಟ್ಟಲೆಯಲ್ಲಿ ಗಾಡಿಯಲ್ಲಿ ಬಂದು ಬಯಲಿನಲ್ಲಿ ಮಲಗುವ ರೈತ ಕುಟುಂಬಗಳನ್ನು ಮನೆಗಾಡಿಯ ಪ್ರವಾಸಿಗಳೆಂದು ಯಾರೂ ಎಣಿಸದಿರುವುದು ನಮಗೆ ವಿಚಿತ್ರವಾಗಿ ಕಾಣುತ್ತದೆ. ಬ್ರಿಟನ್ನಿನವರು ಗಾಡಿಗಿಂತ ನೆಲದ ಕಡೆಗೇ ಹೆಚ್ಚು ಗಮನ ಕೊಟ್ಟರು. 1960 ರಲ್ಲಿ ಅವರು ಮಾಡಿದ ಕಾಯಿದೆಯ ಪ್ರಕಾರ ಮನೆಗಾಡಿಗಳು ನಿಲ್ಲುವ ಬಯಲಿಗೆ ಪರವಾನಗಿ ಬೇಕು. ಒಂದು ಗಾಡಿಯ ಬೆಂಕಿ ಇನ್ನೊಂದಕ್ಕೆ ಹಬ್ಬದಂತೆ ನಡುವೆ 6 ಮೀಟರ್ ಬಿಡಬೇಕೆಂಬುದು ಅಲ್ಲಿಯ ಮಾದರಿ ನಿಯಮಗಳಲ್ಲೊಂದು. ನಮ್ಮ ಜಾತ್ರೆಯ ಬಯಲಿನಲ್ಲಿ ಒಣಹುಲ್ಲು ಹಾಸಿದ ಟ್ರೇಲರುಗಳು ಒಂದಕ್ಕೊಂದು ಭುಜ ತಾಗಿಸಿ ನಿಂತಿರುತ್ತವೆ, ನಡುನಡುವೆ ಒಲೆಗಳು.

ಬಿಡಾರದ ಬಯಲಿಗೆ ಏನೇನು ಬೇಕೆಂಬುದು ರಹಸ್ಯವೇನಲ್ಲ. ಪ್ರವಾಹ, ಭೂಕಂಪಗಳಲ್ಲಿ ಮನೆ ಕಳೆದುಕೊಂಡವರ ಶಿಬಿರಗಳಿಗಾಗಿ ಅಂತರರಾಷ್ಟ್ರೀಯ ಸೇವಾಸಂಸ್ಥೆಗಳು ಕೂಡಿ ರಚಿಸಿಕೊಂಡಿರುವ 'ಸ್ಫಿಯರ್' ಎಂಬ ಕೈಪಿಡಿಯೊಂದಿದೆ. ಅದರ ಪ್ರಕಾರ ಒಬ್ಬನಿಗೆ ದಿನಕ್ಕೆ ಕಡಮೆಯೆಂದರೆ 15 ಲೀಟರ್ ನೀರು. 20 ಜನರಿಗೆ ಒಂದು ಶೌಚಾಲಯ, ಮೊದಮೊದಲ ತುರ್ತಿನಲ್ಲಿ 50 ಜನರಿಗೆ ಒಂದು. ಒಂದು ಬಯಲಿನಲ್ಲಿ 10,000 ಜನ ಇಳಿದರೆಂದುಕೊಳ್ಳೋಣ. ದಿನಕ್ಕೆ 1,50,000 ಲೀಟರ್ ನೀರು, ಎಂದರೆ 10,000 ಲೀಟರಿನ 15 ಟ್ಯಾಂಕರುಗಳು ಬೇಕು. ಶೌಚಾಲಯಗಳು 500, ತೀರ ಬಿಗಿ ಹಿಡಿದರೂ 200. ಮನೆಮಠ ಕಳೆದುಕೊಂಡ ನಿರಾಶ್ರಿತರಿಗೆ ಕನಿಷ್ಠವೆಂದು ಲೋಕ ಒಪ್ಪಿರುವ ಪ್ರಮಾಣ ಇದು. ನಮ್ಮ ಜಾತ್ರೆಗಳಲ್ಲಿ ದೇವರ ದರ್ಶನಕ್ಕೆ ಬಂದ ಹೆಂಗಸರು ಕತ್ತಲಾಗುವವರೆಗೆ ಕಾಯುತ್ತಾರೆ. ಕಾಯಬೇಕಾಗುವುದೆಂದು ನೀರನ್ನೇ ಕುಡಿಯದಿರುತ್ತಾರೆ. ನಮ್ಮ ವಿದ್ಯಾರ್ಥಿನಿಯರಲ್ಲಿ ಇದನ್ನು ಬಲ್ಲವರು ಹಲವರಿದ್ದಾರೆ.

ಇದರಲ್ಲಿ ಮರ್ಯಾದೆಯ ಪ್ರಶ್ನೆಯಷ್ಟೇ ಅಲ್ಲ, ಪ್ರಾಣದ ಪ್ರಶ್ನೆಯೂ ಇದೆ. 1867 ರ ಹರಿದ್ವಾರದ ಕುಂಭಮೇಳದಿಂದ ಹಿಂದಿರುಗಿದ ಯಾತ್ರಿಕರೊಡನೆ ಕಾಲರಾ ಉತ್ತರ ಭಾರತದಲ್ಲೆಲ್ಲ ಹಬ್ಬಿತು. ಅದು ನೀರಿನ ಮೂಲಕ ಹರಡುತ್ತದೆಂಬುದನ್ನು ಲಂಡನ್ನಿನಲ್ಲಿ ಜಾನ್ ಸ್ನೋ ಎಂಬ ವೈದ್ಯನು ಆಗಲೇ ತೋರಿಸಿದ್ದರೂ, ಅದನ್ನು ಒಪ್ಪಿದವರು ಕಡಿಮೆ. 1884 ರಲ್ಲಿ ಕಲ್ಕತ್ತೆಯಲ್ಲಿ ರಾಬರ್ಟ್ ಕಾಕ್ ರೋಗಾಣುವನ್ನು ಬೇರ್ಪಡಿಸಿದ ಮೇಲೆ ಸಂಶಯಕ್ಕೆ ಎಡೆ ಕುಗ್ಗಿತು. ಮಾಘಮಾಸದ ಹೊತ್ತಿಗೆ ತುಂಗಭದ್ರೆ ಬಡವಾಗಿರುತ್ತಾಳೆ. ಮೈಲಾರದ ಜಾತ್ರೆಗೆಂದು ಭದ್ರಾ ಜಲಾಶಯದಿಂದ ಹೊಳೆಗೆ ನೀರು ಬಿಡುವುದೂ ಉಂಟು. ಸೂಳೆಕೆರೆಯಿಂದ ಬರುವ ಹರಿದ್ರಾ ಹೊಳೆ ತುಂಗಭದ್ರೆಯನ್ನು ಸೇರುವುದು ಹರಿಹರದಲ್ಲಿ. ಅಲ್ಲಿಂದ ಕೆಳಗೆ ನದಿಯ ದಂಡೆಯಲ್ಲಿಯೇ ಮೈಲಾರ. ಮೇಲಿನವರು ಹೊಳೆಗೆ ಬಿಟ್ಟುದನ್ನು ಕೆಳಗಿನವರು ತೀರ್ಥವೆಂದು ತೆಗೆದುಕೊಳ್ಳುತ್ತಾರೆ.

ಆದುದರಿಂದ ನಮ್ಮ ಸೂಚನೆ ಇದು. ಹರಿಹರದ ಬಳಿ, ನದಿಗೆ ಅಂಟಿಕೊಂಡಂತಲ್ಲ, ಪ್ರವಾಹ ಮುಟ್ಟದಷ್ಟು ದೂರದಲ್ಲಿ, ಹೆದ್ದಾರಿಯಿಂದ ಸುಲಭವಾಗಿ ತಲುಪಬಹುದಾದ ಒಂದು ಬಯಲನ್ನು ಗುಂಡುತೋಪಿನ ಹಳೆಯ ಮಾದರಿಯಲ್ಲಿ ಬೆಳೆಸಬೇಕು. ಮಾಘದಲ್ಲಿ ಜಾತ್ರೆಯ ಟ್ರೇಲರುಗಳಿಗೂ ಚಕ್ಕಡಿಗಳಿಗೂ, ಉಳಿದ ಕಾಲದಲ್ಲಿ ಮನೆಗಾಡಿಯಲ್ಲಿ ಬರುವ ಪ್ರವಾಸಿಗಳಿಗೂ, ಶಾಲಾ ಪ್ರವಾಸದ ಮಕ್ಕಳಿಗೂ ಅದು ಒದಗಬೇಕು. ಹೊಯ್ಸಳರ ಕಾಲದ ಹರಿಹರೇಶ್ವರ ದೇವಾಲಯವನ್ನು ನೋಡಬಂದವರು ಗಂಟೆಯೊಳಗೆ ಊರು ಬಿಡುವುದು ರಾತ್ರಿ ತಂಗಲು ಎಡೆಯಿಲ್ಲದ್ದರಿಂದಲೂ ಹೌದು. ದಾವಣಗೆರೆಯ ಸಮೀಪದ ಕೊಂಡಜ್ಜಿಯಲ್ಲಿ ಕೆರೆಯ ದಂಡೆಯ ಮೇಲೆ ಸ್ಕೌಟುಗಳ ತರಬೇತಿ ಕೇಂದ್ರವಿರುವುದು ನಿಮಗೆ ತಿಳಿದೇ ಇದೆ. ಬಿಡಾರ ಹೂಡುವ ಶಿಸ್ತನ್ನು ಕಲಿಯಬೇಕಾದರೆ ಸ್ಕೌಟುಗಳಿಂದ ಕಲಿಯಬಹುದು. ಅಡಿಗೆಯ ಕೊಳೆನೀರಿಗೆ ಒಂದು ಗುಂಡಿ ತೋಡಿ, ಅದರ ಬಾಯಿಗೆ ಕಡ್ಡಿ ಹುಲ್ಲುಗಳ ಜಾಲರಿ ಮುಚ್ಚಿ, ಜಿಡ್ಡು ಹಿಡಿದ ಆ ಹುಲ್ಲನ್ನು ದಿನವೂ ಸುಟ್ಟು ಬೇರೆ ಹಾಕುವುದು ಅವರ ಪಾಠಗಳಲ್ಲೊಂದು. ಇಷ್ಟು ಮಾಡಿದರೆ ನೊಣಗಳ ಕಾಟ ಎಷ್ಟೋ ತಗ್ಗುತ್ತದೆ.

ಇದಕ್ಕೆ ಎರಡು ಆಕ್ಷೇಪಣೆಗಳನ್ನು ನಾವು ಕೇಳಿದ್ದೇವೆ. ವರ್ಷದಲ್ಲಿ ನಾಲ್ಕು ದಿನದ ಜಾತ್ರೆಗೆ ಇಷ್ಟು ವೆಚ್ಚವೇಕೆ ಎಂಬುದು ಒಂದು. ಮರಕ್ಕೆ ನೆಟ್ಟ ವರ್ಷವಷ್ಟೇ ವೆಚ್ಚ. ನಲ್ಲಿಗೂ ಗುಂಡಿಗೂ ವರ್ಷವಿಡೀ ಕೆಲಸ ಕೊಡುವುದು ನಮ್ಮ ಕೈಯಲ್ಲಿದೆ. ಜನಕ್ಕೆ ಹೇಗಿದ್ದರೂ ನಡೆಯುತ್ತದೆ, ಅವರೇನೂ ಕೇಳಿಲ್ಲ ಎಂಬುದು ಇನ್ನೊಂದು. ಇದಕ್ಕೆ ಉತ್ತರ ಕೊಡುವುದಕ್ಕೆ ನಮಗೆ ಮನಸ್ಸಿಲ್ಲ.

ಸ್ಥಳದ ಆಯ್ಕೆಯಲ್ಲಿ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ. ನಮ್ಮ ಭಾಗದಲ್ಲಿ ಎರೆಯ ಭೂಮಿಯೂ ಕೆಂಪು ಭೂಮಿಯೂ ಹತ್ತಿರ ಹತ್ತಿರದಲ್ಲಿಯೇ ಸಿಗುತ್ತವೆ. ಹೊಳೆಯ ಬಳಿ ಮರಳು. ಮರಳಿನಲ್ಲಿ ಕೊಳೆನೀರು ಶುದ್ಧವಾಗುವ ಮೊದಲೇ ಹರಿದುಹೋಗುತ್ತದೆ. ಎರೆಯಲ್ಲಿ ಇಂಗುವುದೇ ಇಲ್ಲ. ಒಂದು ಗುದ್ದಲಿ, ಒಂದು ಅಳತೆಗೋಲು, ಒಂದು ಗಡಿಯಾರ ಇದ್ದರೆ ಪರೀಕ್ಷಿಸಬಹುದು. ಇಂಗುಗುಂಡಿ ಬರಬೇಕಾದ ಆಳಕ್ಕೆ ಒಂದು ಅಡಿ ಅಗಲದ ಕುಳಿ ತೋಡಿರಿ. ತಳದಲ್ಲಿ ಸ್ವಲ್ಪ ಜಲ್ಲಿ ಹಾಕಿ ನೀರು ತುಂಬಿ ರಾತ್ರಿಯಿಡೀ ನೆನೆಯಬಿಡಿರಿ. ಮರುದಿನ ಒಂದು ಗೇಣು ನೀರು ನಿಲ್ಲಿಸಿ, ಅದು 2.5 ಸೆಂಟಿಮೀಟರ್ ಇಳಿಯಲು ಎಷ್ಟು ನಿಮಿಷ ಹಿಡಿಯಿತೆಂದು ಬರೆದುಕೊಳ್ಳಿರಿ. ಒಂದು ಗಂಟೆಯನ್ನು ಮೀರಿದರೆ ಅಲ್ಲಿ ಇಂಗುಗುಂಡಿ ನಿಷ್ಪ್ರಯೋಜಕ. ಎರಡು ಮೂರು ನಿಮಿಷಕ್ಕೇ ಇಳಿದರೆ ಹತ್ತಿರದಲ್ಲಿ ಬಾವಿಯೋ ಹೊಳೆಯೋ ಇರಕೂಡದು. ಎರೆಯ ನೆಲದಲ್ಲಿ ನೆನೆಸುವ ಕೆಲಸವನ್ನು ಬಿಡಲೇಬಾರದು. ಒಣಗಿ ಬಿರಿದ ನೆಲಕ್ಕೆ ಸುರಿದ ಮೊದಲ ಕೊಡ ನೀರು ಬಿರುಕುಗಳಲ್ಲಿ ಕ್ಷಣದಲ್ಲಿ ಮಾಯವಾಗುತ್ತದೆ. ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡ ಮೇಲೆ ಕುಳಿ ಬಾನಿಯಂತೆ ನೀರು ಹಿಡಿದು ನಿಲ್ಲುತ್ತದೆ. ಈ ಅಳತೆಗಳನ್ನು ಮಳೆಗಾಲದಲ್ಲಿ ಮಾಡಿ ಫಲವಿಲ್ಲ. ಗಾಡಿಗಳು ಬರುವ ಮಾಘಮಾಸದಲ್ಲಿಯೇ ಮಾಡತಕ್ಕದ್ದು.